ಡಿಕ್ಕಿಯಲ್ಲಿ ಸುಟ್ಟ ವಾಸನೆ

ಕೆಟ್ಟುಹೋದ ಸಬ್‌ವೂಫರನ್ನು ಎತ್ತಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಸಾಮಾನ್ಯವಾಗಿ ಎರಡರಲ್ಲೊಂದು ತೀರ್ಪು ಸಿಗುತ್ತದೆ. ಒಂದು ಅಂಗಡಿಯಲ್ಲಿ ‘ಆಂಪ್ ಜಾಸ್ತಿ ಆಯ್ತು ಸಾರ್, ವೂಫರ್ ತಡ್ಕೊಳ್ಲಿಲ್ಲ’ ಅನ್ನುತ್ತಾರೆ. ನಾಲ್ಕು ಅಂಗಡಿ ದಾಟಿ ಕೇಳಿದರೆ ‘ಆಂಪ್ ಸಾಲ್ದು ಸಾರ್, ಕ್ಲಿಪ್ ಆಗಿ ಸುಟ್ಟಿದೆ, ದೊಡ್ಡದು ಹಾಕ್ಸಿ’ ಅನ್ನುತ್ತಾರೆ. ಕಾಯಿಲೆ ಯಾವುದೇ ಇರಲಿ, ಎರಡೂ ಕಡೆ ಮದ್ದು ಒಂದೇ: ಹೊಸದೊಂದನ್ನು ಕೊಳ್ಳುವುದು. ಎರಡು ಮಾತಿನಲ್ಲೂ ಅರ್ಧರ್ಧ ನಿಜವಿದೆ. ಆದರೆ ಆಂಪ್ಲಿಫೈಯರ್ ಮೇಲೆ ಎಷ್ಟು ವ್ಯಾಟ್ ಅಂತ ಬರೆದಿದೆ ಎನ್ನುವುದು ವೂಫರಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಎರಡೇ. ಕಾಯಿಲ್ ಎನ್ನುವ ತನ್ನ ತಂತಿಸುರುಳಿ ಎಷ್ಟು ಹೊತ್ತು ಎಷ್ಟು ಕಾದಿದೆ, ತನ್ನ ಕೋನು ಎಷ್ಟು ದೂರ ಹಿಂದೆಮುಂದೆ ಹೋಗಿದೆ. ವೂಫರ್ ಸಾಯುವುದು ಬಹುಪಾಲು ಈ ಎರಡರಲ್ಲಿ ಒಂದರಿಂದ.

ಯಾವುದರಿಂದ ಎಂದು ತಿಳಿಯಲು ಅಂಗಡಿಯವರ ಮಾತೂ ಬೇಕಿಲ್ಲ. ಮಲ್ಟಿಮೀಟರನ್ನು ಓಮ್ಸ್‌ಗೆ ಇಟ್ಟು ವೂಫರಿನ ಎರಡು ಟರ್ಮಿನಲ್‌ಗೆ ಮುಟ್ಟಿಸಿ. 4 ಓಮ್‌ನ ಕಾಯಿಲ್ ಸರಿಯಾಗಿದ್ದರೆ 3ಕ್ಕಿಂತ ಹೆಚ್ಚು, 4ಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ. ಏನೂ ತೋರಿಸದಿದ್ದರೆ ತಂತಿ ಎಲ್ಲೋ ತುಂಡಾಗಿದೆ. ತೀರಾ ಕಡಿಮೆ ತೋರಿಸಿದರೆ ತಂತಿಯ ಮೇಲಿನ ಎನಾಮಲ್ ಸುಟ್ಟು ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿವೆ. ಆಮೇಲೆ ಎರಡೂ ಅಂಗೈಯಿಂದ ಕೋನನ್ನು ಸಮವಾಗಿ, ಮೆಲ್ಲಗೆ ಒತ್ತಿ. ಕರಕರ ಎಂದು ಉಜ್ಜುವ ಸದ್ದು ಬಂದರೆ ಕಾಯಿಲ್ ಉಬ್ಬಿದೆ, ಇಲ್ಲವೇ ಸೊಟ್ಟಗಾಗಿದೆ. ಮೂಗನ್ನು ಹತ್ತಿರ ತಂದರೆ ಸುಟ್ಟ ವಾರ್ನಿಶ್ ವಾಸನೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ರಿಪೇರಿಯವರು ಬಿಚ್ಚಿದಾಗ ಪಕ್ಕದಲ್ಲೇ ನಿಂತು ನೋಡಿ. ಕಾಯಿಲ್ ಕಂದಿ ಕರಕಲಾಗಿದ್ದರೆ ಅದು ಶಾಖದ ಸಾವು. ಕಾಯಿಲ್ ಹೊಸದರಂತೆ ಹೊಳೆಯುತ್ತಿದ್ದು ಅದರ ತಳ ಮಾತ್ರ ನಜ್ಜಾಗಿದ್ದರೆ, ಅಥವಾ ಕಾಯಿಲನ್ನು ನಡುವಿನಲ್ಲಿ ಹಿಡಿದಿಡುವ ಸ್ಪೈಡರ್ ಹರಿದಿದ್ದರೆ, ಅದು ಪೆಟ್ಟಿನ ಸಾವು. ವಾರಂಟಿ ಕೊಡಬೇಕೋ ಬೇಡವೋ ಎಂದು ಕಂಪನಿಯವರು ನಿರ್ಧರಿಸುವಾಗ ನೋಡುವುದೂ ಇದನ್ನೇ.

ಮೊದಲು ಶಾಖದ ವಿಷಯ. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ಎಂಜಿನಿಯರ್‌ಗಳು ಹೊಸ ಬಗೆಯ ಧ್ವನಿವರ್ಧಕವೊಂದರ ಬಗ್ಗೆ ಪ್ರಬಂಧ ಮಂಡಿಸಿದರು. ಅಯಸ್ಕಾಂತದ ಕಿರಿದಾದ ಸಂದಿನಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ಕಾಗದದ ಕೋನು. ಕರೆಂಟು ಹರಿದಂತೆ ಸುರುಳಿ ಅಲುಗಾಡುತ್ತದೆ, ಕೋನು ಗಾಳಿಯನ್ನು ನೂಕುತ್ತದೆ. ನೂರು ವರ್ಷ ಕಳೆದರೂ ಇಂದಿನ ಕಾರಿನ ಡಿಕ್ಕಿಯಲ್ಲಿ ಕೂತಿರುವ 12 ಇಂಚಿನ ವೂಫರ್ ಮೂಲತಃ ಅದೇ ಯಂತ್ರ. ಅಯಸ್ಕಾಂತ ಬಲವಾಯಿತು, ಅಂಟು ಗಟ್ಟಿಯಾಯಿತು, ಕಾಗದದ ಜಾಗಕ್ಕೆ ಪಾಲಿಪ್ರೊಪಿಲೀನ್ ಬಂತು. ಒಂದು ದೌರ್ಬಲ್ಯ ಮಾತ್ರ ಹೋಗಲಿಲ್ಲ: ಕೊಟ್ಟ ವಿದ್ಯುತ್ತಿನಲ್ಲಿ ಇದು ಶಬ್ದವಾಗಿಸುವುದು ತೀರಾ ಅಲ್ಪ.

ವೂಫರಿನ ಡಬ್ಬದ ಮೇಲೆ ಸೆನ್ಸಿಟಿವಿಟಿ 86 ಡೆಸಿಬೆಲ್ ಎಂದು ಬರೆದಿರುತ್ತದಲ್ಲ, ಲೆಕ್ಕ ಹಾಕಿದರೆ ಅದರ ಅರ್ಥ ದಕ್ಷತೆ ಶೇ. 0.25ರ ಆಸುಪಾಸು ಎಂದು. 300 ವ್ಯಾಟ್ ಕೊಟ್ಟರೆ ಮುಕ್ಕಾಲು ವ್ಯಾಟ್ ಸದ್ದಾಗುತ್ತದೆ, ಉಳಿದ 299 ವ್ಯಾಟ್‌ಗೂ ಮಿಕ್ಕಿ ಕಾಯಿಲಿನಲ್ಲೇ ಶಾಖವಾಗುತ್ತದೆ. ಮನೆಯ ಇಸ್ತ್ರಿಪೆಟ್ಟಿಗೆ 750 ವ್ಯಾಟ್‌ನದು ಅಂದುಕೊಂಡರೆ ಅದರ ಐದರಲ್ಲಿ ಎರಡು ಪಾಲು. ಇಸ್ತ್ರಿಪೆಟ್ಟಿಗೆಗಾದರೆ ದಪ್ಪನೆಯ ಲೋಹದ ತಳವಿದೆ, ಕಾವು ಮೀರಿದರೆ ತಾನೇ ಆರುವ ಥರ್ಮೋಸ್ಟಾಟ್ ಇದೆ. ವೂಫರಿನ ಕಾಯಿಲ್ ಎಂದರೆ ಬರೀ ಹತ್ತಾರು ಗ್ರಾಂ ತೂಕದ ತಂತಿ, ಮುಚ್ಚಿದ ಪೆಟ್ಟಿಗೆಯೊಳಗೆ.

ಕಾಯಿಲ್ ಬಿಸಿಯಾಗಲು ಕೆಲವು ಸೆಕೆಂಡು ಸಾಕು. ಆ ಬಿಸಿ ಸಂದನ್ನು ದಾಟಿ ಸುತ್ತಲಿನ ಕಬ್ಬಿಣಕ್ಕೂ ಅಯಸ್ಕಾಂತಕ್ಕೂ ಇಳಿದು ಅವೂ ಕಾಯಲು ಹತ್ತಾರು ನಿಮಿಷ ಬೇಕು. ಅಲ್ಲಿಯವರೆಗೆ ಆ ಲೋಹದ ರಾಶಿಯೇ ಕಾಯಿಲನ್ನು ತಂಪಾಗಿ ಇಟ್ಟಿರುತ್ತದೆ. ಅದೂ ಕಾದ ಮೇಲೆ ಶಾಖಕ್ಕೆ ಹೋಗಲು ದಾರಿಯಿಲ್ಲ. ಗೆಳೆಯರಿಗೆ ತೋರಿಸಲೆಂದು ಒಂದು ಹಾಡನ್ನು ಪೂರ್ತಿ ವಾಲ್ಯೂಮಿಗೆ ಹಾಕಿದಾಗ ಏನೂ ಆಗದ ವೂಫರ್, ಅದೇ ವಾಲ್ಯೂಮಿನಲ್ಲಿ ಒಂದು ಗಂಟೆ ಬಾರಿಸಿದರೆ ಸಾಯುವುದು ಇದಕ್ಕೇ.

ಇನ್ನೊಂದು ಮೋಸವೂ ಇದೆ. ಬಿಸಿಯಾದಂತೆ ತಾಮ್ರದ ರೋಧ ಹೆಚ್ಚುತ್ತದೆ. ಕಾಯಿಲ್ 20 ಡಿಗ್ರಿಯಿಂದ 200 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಅದರ ರೋಧ ಸುಮಾರು ಶೇ. 70ರಷ್ಟು ಜಾಸ್ತಿಯಾಗುತ್ತದೆ. ಆಂಪ್ ಕೊಡುವ ವೋಲ್ಟೇಜ್ ಅಷ್ಟೇ ಇರುವುದರಿಂದ ವೂಫರ್ ಎಳೆದುಕೊಳ್ಳುವ ಪವರ್ ಇಳಿಯುತ್ತದೆ, ಬೇಸ್ ಸಪ್ಪೆಯಾಗುತ್ತದೆ. ಇದಕ್ಕೆ ಪವರ್ ಕಂಪ್ರೆಶನ್ ಎನ್ನುತ್ತಾರೆ. ಕೇಳುವವರಿಗೆ ಅನ್ನಿಸುವುದು ‘ಆಗ ಚೆನ್ನಾಗಿ ಗುದ್ದುತ್ತಿತ್ತು, ಈಗೇನೋ ಕಮ್ಮಿಯಾಯ್ತಲ್ಲ’ ಎಂದು. ಕೈ ತಾನಾಗಿ ವಾಲ್ಯೂಮಿನತ್ತ ಹೋಗುತ್ತದೆ. ಬೇಸ್ ಸಪ್ಪೆಯಾದದ್ದು ವೂಫರ್ ಕೊಡುವ ಕೊನೆಯ ಎಚ್ಚರಿಕೆ, ಅದರ ಹಿಂದೆಯೇ ವಾಸನೆ ಬರುತ್ತದೆ.

ಇನ್ನು ಕ್ಲಿಪ್ಪಿಂಗ್. ಈ ಪದದ ಸುತ್ತ ಇರುವಷ್ಟು ಗೊಂದಲ ಕಾರ್ ಆಡಿಯೊದಲ್ಲಿ ಬೇರೆ ಯಾವುದರ ಸುತ್ತಲೂ ಇಲ್ಲ. ಪ್ರತಿ ಆಂಪ್‌ಗೂ ತಾನು ಕೊಡಬಲ್ಲ ವೋಲ್ಟೇಜಿಗೊಂದು ಮೇಲ್ಮಿತಿ ಇರುತ್ತದೆ. ಅದಕ್ಕಿಂತ ಎತ್ತರದ ಅಲೆಯನ್ನು ಕೇಳಿದರೆ ಅಲೆಯ ತುದಿಯನ್ನು ಕತ್ತರಿಸಿ ಚಪ್ಪಟೆ ಮಾಡಿ ಕೊಡುತ್ತದೆ. ‘ಹಾಗೆ ಕತ್ತರಿಸಿದಾಗ ಡಿಸಿ ಕರೆಂಟು ಹರಿದು ಕಾಯಿಲ್ ಸುಡುತ್ತದೆ’ ಎಂದು ಅನೇಕರು ನಂಬಿದ್ದಾರೆ. ಅದು ಸರಿಯಲ್ಲ. ಅಲೆ ಮೇಲೂ ಕತ್ತರಿಸಿರುತ್ತದೆ, ಕೆಳಗೂ ಕತ್ತರಿಸಿರುತ್ತದೆ, ಸರಾಸರಿ ಸೊನ್ನೆಯೇ. ಸುಡುವುದು ಬೇರೆ ಲೆಕ್ಕದಿಂದ. ಒಂದೇ ಎತ್ತರದ ದುಂಡನೆಯ ಸೈನ್ ಅಲೆಗೂ ಚೌಕದ ಅಲೆಗೂ ಹೋಲಿಸಿದರೆ ಚೌಕದಲ್ಲಿ ಸರಿಯಾಗಿ ಎರಡು ಪಟ್ಟು ಪವರ್ ಇರುತ್ತದೆ. ಅಂದರೆ 300 ವ್ಯಾಟ್‌ನ ಆಂಪನ್ನು ಪೂರ್ತಿ ಕ್ಲಿಪ್ ಮಾಡಿದರೆ ಅದು ಕೊಡುವುದು 600 ವ್ಯಾಟ್‌ನ ಹತ್ತಿರ, ಅದರ ಪವರ್ ಸಪ್ಲೈಗೆ ಅಷ್ಟು ಶಕ್ತಿ ಇದ್ದರೆ.

ಇಷ್ಟಕ್ಕೇ ನಿಂತರೆ ವಿಷಯದ ಅರ್ಧ ಕೂಡ ಹೇಳಿದಂತಾಗಲಿಲ್ಲ, ಏಕೆಂದರೆ ಹಾಡು ಸೈನ್ ಅಲೆಯಲ್ಲ. ಚೆನ್ನಾಗಿ ರೆಕಾರ್ಡ್ ಮಾಡಿದ ಹಾಡಿನಲ್ಲಿ ಡ್ರಮ್ಮಿನ ಏಟು ಕ್ಷಣಮಾತ್ರ ಮೇಲೆದ್ದು ಇಳಿಯುತ್ತದೆ, ಉಳಿದ ಹೊತ್ತೆಲ್ಲ ಅಲೆ ತಗ್ಗಿನಲ್ಲೇ ಇರುತ್ತದೆ. ಅಂಥ ಹಾಡಿನಲ್ಲಿ 300 ವ್ಯಾಟ್‌ನ ಆಂಪ್ ಕ್ಲಿಪ್ಪಿಂಗಿನ ಅಂಚಿನವರೆಗೆ ದುಡಿದರೂ ವೂಫರಿಗೆ ಹೋಗುವ ಸರಾಸರಿ ಪವರ್ ಅದರ ಎಂಟನೆಯ ಒಂದು ಪಾಲು, 40 ವ್ಯಾಟ್ ಕೂಡ ಮುಟ್ಟುವುದಿಲ್ಲ. ವಾಲ್ಯೂಮನ್ನು ಇನ್ನೂ ಏರಿಸಿ. ತುದಿಗಳು ಕತ್ತರಿಸಿಹೋಗುತ್ತವೆ, ಅವು ಏರಲಾರವು. ತಗ್ಗಿನ ಭಾಗ ಮಾತ್ರ ಏರುತ್ತಲೇ ಹೋಗುತ್ತದೆ. ಸರಾಸರಿ 40ರಿಂದ 100ಕ್ಕೆ, 200ಕ್ಕೆ, 400ಕ್ಕೆ ಹೋಗುತ್ತದೆ. ಆಂಪ್ ಬದಲಾಗಿಲ್ಲ, ವೂಫರ್ ಬದಲಾಗಿಲ್ಲ, ಹಾಡೂ ಅದೇ, ಶಾಖ ಮಾತ್ರ ಹತ್ತು ಪಟ್ಟಾಯಿತು.

ಈಗ ಅಂಗಡಿಯ ಎರಡನೆಯ ತೀರ್ಪಿಗೆ ಬರಬಹುದು. ಆಂಪ್ ಚಿಕ್ಕದಾದರೆ ವೂಫರ್ ಸುಡುತ್ತದೆಯೇ? ಕಡಿಮೆ ಪವರ್‌ನಿಂದಲೇ ಸುಡುವುದಾಗಿದ್ದರೆ ರಾತ್ರಿ ಮೆಲ್ಲಗೆ ಹಾಡು ಕೇಳಿದವರ ವೂಫರೆಲ್ಲ ಸುಡಬೇಕಿತ್ತು. 50 ವ್ಯಾಟ್‌ನ ಆಂಪನ್ನು ಎಷ್ಟು ಹಿಂಡಿದರೂ 100 ವ್ಯಾಟ್ ದಾಟುವುದಿಲ್ಲ, 300 ವ್ಯಾಟ್ ತಡೆಯುವ ವೂಫರನ್ನು ಅದು ಸುಡಲಾರದು. ಅಪಾಯ ಇರುವುದು ನಡುವಿನ ಜಾಗದಲ್ಲಿ. 250 ವ್ಯಾಟ್‌ನ ಆಂಪ್, 300 ವ್ಯಾಟ್‌ನ ವೂಫರ್, ತೃಪ್ತಿಯೇ ಇಲ್ಲದ ಕೈ. ಕಾಗದದ ಮೇಲೆ ಆಂಪೇ ಚಿಕ್ಕದು, ನಿಜದಲ್ಲಿ ಕಾಯಿಲಿಗೆ 500 ಹೋಗುತ್ತಿದೆ. ‘ದೊಡ್ಡ ಆಂಪ್ ಹಾಕ್ಸಿ’ ಎಂಬ ಸಲಹೆ ಕೆಲಸ ಮಾಡುವುದು ಆ ಕೈ ತೃಪ್ತಿಪಟ್ಟು ನಿಂತರೆ ಮಾತ್ರ. ನಿಲ್ಲದಿದ್ದರೆ ದೊಡ್ಡ ಆಂಪ್ ವೂಫರನ್ನು ಇನ್ನೂ ಬೇಗ ಸುಡುತ್ತದೆ.

ಅಲೆಯ ತಲೆ ಕತ್ತರಿಸುವುದು ಆಂಪ್ ಒಂದೇ ಅಲ್ಲ. ಸ್ಟೀರಿಯೊದ ವಾಲ್ಯೂಮ್ ಕೊನೆಯವರೆಗೆ ತಿರುಗಿಸಿದರೆ ಬಹಳಷ್ಟು ಸ್ಟೀರಿಯೊಗಳು ಅಲ್ಲೇ ಕ್ಲಿಪ್ ಮಾಡುತ್ತವೆ, ಆಂಪ್ ಅದನ್ನು ನಂಬಿಕೆಯಿಂದ ದೊಡ್ಡದು ಮಾಡಿ ಮುಂದಕ್ಕೆ ಕಳಿಸುತ್ತದೆ. ಫೋನಿನ ಈಕ್ವಲೈಜರಿನಲ್ಲಿ ಬೇಸ್ ಏರಿಸಿದ್ದರೆ ಬ್ಲೂಟೂತ್ ದಾಟುವ ಮೊದಲೇ ಕ್ಲಿಪ್ ಆಗಿರಬಹುದು. ‘ಬೇಸ್ ಬೂಸ್ಟೆಡ್’ ಎಂದು ಹೆಸರಿಟ್ಟು ಹಂಚುವ ಹಾಡುಗಳಂತೂ ಫೈಲಿನಲ್ಲೇ ಚಪ್ಪಟೆಯಾಗಿರುವುದು ಸಾಮಾನ್ಯ. ಅಂಥದ್ದನ್ನು ಎಷ್ಟು ಒಳ್ಳೆಯ ಆಂಪಿಗೆ ಕೊಟ್ಟರೂ ಗುಣವಾಗುವುದಿಲ್ಲ. ಬೂಸ್ಟ್ ಎನ್ನುವ ಆ ಗುಂಡಿಯ ಬಗ್ಗೆ ನನಗೆ ಹಳೆಯ ಸಿಟ್ಟಿದೆ. 3 ಡೆಸಿಬೆಲ್ ಏರಿಸಿದರೆ ಪವರ್ ಎರಡು ಪಟ್ಟು, 6 ಏರಿಸಿದರೆ ನಾಲ್ಕು ಪಟ್ಟು. ಸ್ಟೀರಿಯೊದಲ್ಲಿ 6, ಆಂಪ್ ಮೇಲಿನ ಬೇಸ್ ಬೂಸ್ಟಿನಲ್ಲಿ 6, ಎರಡೂ ಸೇರಿ 12 ಆಯಿತು. ಎಂದರೆ ಆ ಕಂಪನಾಂಕದ ಸುತ್ತ ಹದಿನಾರು ಪಟ್ಟು ಪವರ್ ಕೇಳಿದಂತೆ. ಅಷ್ಟು ಯಾವ ಆಂಪಿನಲ್ಲೂ ಮಿಗತೆ ಇರುವುದಿಲ್ಲ.

ಬೇಸ್‌ಗೆ ಇಷ್ಟೊಂದು ಪವರ್ ಯಾಕೆ ಬೇಕೆಂದರೆ ನಮ್ಮ ಕಿವಿಯೇ ಆ ಕಡೆ ಮಂದ. 1000 ಹರ್ಟ್ಜ್‌ನ ಸ್ವರವೊಂದು 40 ಡೆಸಿಬೆಲ್‌ನಲ್ಲಿ ಕೇಳಿಸುವಷ್ಟೇ ಜೋರಾಗಿ 50 ಹರ್ಟ್ಜ್‌ನ ಸ್ವರ ಕೇಳಿಸಬೇಕಾದರೆ ಅದು ಸುಮಾರು 78 ಡೆಸಿಬೆಲ್ ಇರಬೇಕು.

ಆದರೆ ಕಾರಿನೊಳಗೆ ಕೂತು ಕೇಳುವವರಿಗೆ ಇದರಲ್ಲಿ ಒಂದು ಉಪಕಾರವಿದೆ. ಕಿಟಕಿ ಬಾಗಿಲು ಮುಚ್ಚಿದ ಚಿಕ್ಕ ಜಾಗದಲ್ಲಿ ತೀರಾ ಕೆಳಗಿನ ಸ್ವರಗಳಿಗೆ ಪುಕ್ಕಟೆ ಬಲ ಸಿಗುತ್ತದೆ, ಇದನ್ನು ಕ್ಯಾಬಿನ್ ಗೇನ್ ಎನ್ನುತ್ತಾರೆ. ಈಗ ಭಾನುವಾರದ ಟ್ರಿಪ್ಪೊಂದನ್ನು ನೆನೆಸಿಕೊಳ್ಳಿ. ಸಕಲೇಶಪುರದ ಕಡೆ ಎಲ್ಲೋ ರಸ್ತೆ ಬದಿಯ ಬಯಲು. ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಡಿಕ್ಕಿಯ ಬಾಗಿಲು ಮೇಲೆತ್ತಿ ಹಾಡು ಹಾಕುತ್ತಾರೆ. ಡಿಕ್ಕಿ ತೆರೆದ ಕ್ಷಣವೇ ಕ್ಯಾಬಿನ್ ಗೇನ್ ಹೋಯಿತು, ಬೇಸ್ ಬಯಲಿನಲ್ಲಿ ಕರಗಿತು. ಹೊರಗೆ ಕುಣಿಯುವವರಿಗೆ ಸಾಲದು ಎಂದು ವಾಲ್ಯೂಮ್ ಏರುತ್ತದೆ. ಎಂಜಿನ್ ಆಫ್ ಆಗಿರುವುದರಿಂದ ಆಲ್ಟರ್ನೇಟರ್ ಕೊಡುತ್ತಿದ್ದ 14 ವೋಲ್ಟ್ ಈಗ 12ರ ಹತ್ತಿರಕ್ಕೆ ಇಳಿದಿದೆ, ಬ್ಯಾಟರಿ ಖಾಲಿಯಾದಂತೆ ಇನ್ನೂ ಕೆಳಗೆ. ಸಾಮಾನ್ಯ ಆಂಪಿನಲ್ಲಿ ಪವರ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ 14.4 ವೋಲ್ಟಿನಲ್ಲಿ 300 ಕೊಡುತ್ತಿದ್ದದ್ದು 12ರಲ್ಲಿ 210 ಕೊಟ್ಟರೆ ಹೆಚ್ಚು. ಕ್ಲಿಪ್ಪಿಂಗ್ ಅಷ್ಟು ಬೇಗ ಶುರುವಾಗುತ್ತದೆ. ಅದೂ ಒಂದು ಹಾಡಲ್ಲ, ಊಟ ಮುಗಿಯುವವರೆಗೆ. ವರ್ಷವಿಡೀ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬಾರಿಸಿಕೊಂಡು ಬದುಕಿದ ವೂಫರ್ ಟ್ರಿಪ್ಪಿನಲ್ಲೇ ಸಾಯುವುದರಲ್ಲಿ ಆಶ್ಚರ್ಯವಿಲ್ಲ. ಪಕ್ಕದ ತೋಟದವರ ನೆಮ್ಮದಿಯ ಮಾತು ಬೇರೆಯೇ ಇದೆ.

ಪೆಟ್ಟಿನ ಸಾವು ಇದಕ್ಕಿಂತ ಸರಳ. ಅದೇ ಜೋರಿನಲ್ಲಿ ಒಂದು ಸ್ಥಾಯಿ ಕೆಳಗಿನ ಸ್ವರ ನುಡಿಸಬೇಕಾದರೆ ಕೋನು ನಾಲ್ಕು ಪಟ್ಟು ದೂರ ಚಲಿಸಬೇಕು. 40 ಹರ್ಟ್ಜ್‌ನಲ್ಲಿ 3 ಮಿಲಿಮೀಟರ್ ಸಾಕಾಗಿದ್ದರೆ 20ರಲ್ಲಿ 12 ಬೇಕು. ಮಿತಿ ಮೀರಿದಾಗ ಕಾಯಿಲಿನ ತಳ ಹಿಂದಿನ ಕಬ್ಬಿಣದ ತಟ್ಟೆಗೆ ಬಡಿಯುತ್ತದೆ. ಟಕ್ ಟಕ್ ಎಂಬ ಒಣ ಸದ್ದು ಅದು, ಒಮ್ಮೆ ಕೇಳಿದವರು ಮರೆಯುವುದಿಲ್ಲ. ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗಿನಂತೆ ಕೋನನ್ನು ತಡೆದು ಕಾಯುತ್ತದೆ. ಗಾಳಿ ಆಡುವ ಕೊಳವೆ, ಅಂದರೆ ಪೋರ್ಟ್, ಇರುವ ಪೆಟ್ಟಿಗೆಯ ಸ್ವಭಾವ ವಿಚಿತ್ರ. ತಾನು ಟ್ಯೂನ್ ಆದ ಸ್ವರದ ಬಳಿ ಕೋನು ಬಹುತೇಕ ಅಲುಗಾಡುವುದೇ ಇಲ್ಲ, ಸದ್ದೆಲ್ಲ ಪೋರ್ಟಿನಿಂದಲೇ ಬರುತ್ತದೆ. ಅದಕ್ಕಿಂತ ಕೆಳಗೆ ಇಳಿದರೆ ತಡೆಯೇ ಇಲ್ಲ, ಹೊರಗೆ ಬಿಡಿಯಾಗಿ ಇಟ್ಟ ವೂಫರಿನಂತೆ ಕೋನು ಹಾರಾಡುತ್ತದೆ. ಸಬ್‌ವೂಫರಿಗೆಂದೇ ಮಾಡಿದ ಮೋನೊಬ್ಲಾಕ್ ಆಂಪ್‌ಗಳ ಮೇಲೆ, ತೀರಾ ಕೆಳಗಿನ ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಎಂಬ ಗುಂಡಿ ಇರುವುದು ಇದಕ್ಕೇ. ಪೆಟ್ಟಿಗೆ 35 ಹರ್ಟ್ಜ್‌ಗೆ ಟ್ಯೂನ್ ಆಗಿದ್ದರೆ ಆ ಗುಂಡಿಯನ್ನು 30ರ ಸುತ್ತ ಇಟ್ಟರೆ ಸಾಕು. ವೂಫರಿಗೆ ಎಷ್ಟು ಲೀಟರಿನ ಪೆಟ್ಟಿಗೆ, ಎಷ್ಟು ಉದ್ದದ ಪೋರ್ಟು ಎಂಬುದಕ್ಕೆ ಖಚಿತ ಗಣಿತವಿದೆ. ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ 1961ರಲ್ಲಿ ಶುರುಮಾಡಿದ ಲೆಕ್ಕವನ್ನು ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಮುಂದುವರಿಸಿದರು. ಈಗ ಪ್ರತಿ ಒಳ್ಳೆಯ ವೂಫರಿನ ಜೊತೆ ಬರುವ ಹಾಳೆಯಲ್ಲಿ ಇವರಿಬ್ಬರ ಹೆಸರಿನ ಅಂಕಿಗಳು ಇರುತ್ತವೆ. ಆ ಹಾಳೆಯನ್ನು ಡಬ್ಬದ ಜೊತೆ ಎಸೆದು, ಕಣ್ಣಳತೆಯಲ್ಲಿ ಎಂಡಿಎಫ್ ಹಲಗೆ ಕೊಯ್ಯುವವರೇ ನಮ್ಮಲ್ಲಿ ಹೆಚ್ಚು.

ಇನ್ನು ಡಬ್ಬದ ಮೇಲಿನ ಅಂಕಿಗಳ ಬಗ್ಗೆ. 1990ರ ದಶಕದಲ್ಲಿ ರೇಡಿಯೊ-ಕ್ಯಾಸೆಟ್ಟಿನ ಟೂ-ಇನ್-ಒನ್ ಕೊಂಡವರಿಗೆ ಪಿಎಂಪಿಒ ಎಂಬ ಉಬ್ಬಿಸಿದ ವ್ಯಾಟಿನ ಅಂಕಿ ನೆನಪಿರಬಹುದು. ಮಂಚದ ಪಕ್ಕ ಇಡುವ ಪ್ಲಾಸ್ಟಿಕ್ ಸೆಟ್ಟಿನ ಮೇಲೆ ಸಾವಿರ ವ್ಯಾಟ್ ಅಂತ ಅಚ್ಚಾಗಿರುತ್ತಿತ್ತು, ಅದು ಗೋಡೆಯಿಂದ ಎಳೆಯುತ್ತಿದ್ದದ್ದು ಹತ್ತಾರು ವ್ಯಾಟ್. ಆ ಪದ ಹೋಯಿತು, ಚಾಳಿ ಹೋಗಲಿಲ್ಲ. ಈಗ ಅದರ ಹೆಸರು ‘ಮ್ಯಾಕ್ಸ್’. 1400 ವ್ಯಾಟ್ ಮ್ಯಾಕ್ಸ್ ಎಂದು ದಪ್ಪಕ್ಷರ, 350 ವ್ಯಾಟ್ ಆರ್‌ಎಂಎಸ್ ಎಂದು ಮೂಲೆಯಲ್ಲಿ ಸಣ್ಣಕ್ಷರ. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಸಣ್ಣಕ್ಷರವನ್ನು, ಅಂದರೆ ಸತತವಾಗಿ ನಿಭಾಯಿಸುವ ಪವರನ್ನು. ಆಂಪಿನ ವಿಷಯದಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ಸ್ ಉದ್ಯಮದ ಸಂಘ 2003ರಲ್ಲಿ ಸಿಇಎ-2006 ಎಂಬ ಮಾನದಂಡ ತಂದಿತು. ಸಂಘದ ಹೆಸರು ಬದಲಾದ ಮೇಲೆ ಅದು ಸಿಟಿಎ-2006 ಆಗಿದೆ. 14.4 ವೋಲ್ಟ್, 4 ಓಮ್, ಶೇ. 1ಕ್ಕಿಂತ ಹೆಚ್ಚು ವಿರೂಪ ಇರಬಾರದು ಎಂಬ ಷರತ್ತಿನಲ್ಲಿ ಅಳೆದ ಪವರ್ ಅದು. ಆ ಗುರುತಿರುವ ಆಂಪಿನ ಅಂಕಿಯನ್ನು ನಂಬಬಹುದು. ಗುರುತಿಲ್ಲದ್ದಾದರೆ ಆಂಪಿನ ಮೇಲಿರುವ ಫ್ಯೂಸ್ ನೋಡಿ. 30 ಆಂಪಿಯರ್ ಫ್ಯೂಸಿನ ಮೂಲಕ 14 ವೋಲ್ಟಿನಲ್ಲಿ ಒಳಗೆ ಹೋಗುವುದೇ 420 ವ್ಯಾಟ್. ಹೊರಗೆ 1000 ಬರುವುದು ಹೇಗೆ?

ಜೋಡಿಸುವಾಗ ವ್ಯಾಟಿಗಿಂತ ಮೊದಲು ಓಮ್ ಕೇಳಬೇಕು. ಈಗಿನ ಬಹಳಷ್ಟು ವೂಫರ್‌ಗಳಲ್ಲಿ ಎರಡು ಕಾಯಿಲ್ ಇರುತ್ತವೆ. 4 ಓಮ್‌ನ ಎರಡನ್ನು ಪ್ಯಾರಲಲ್ ಜೋಡಿಸಿದರೆ 2 ಓಮ್, ಸೀರೀಸ್ ಜೋಡಿಸಿದರೆ 8. ಅಂಥ ಎರಡು ವೂಫರ್ ತಂದು ಎಲ್ಲವನ್ನೂ ಪ್ಯಾರಲಲ್ ಮಾಡಿದರೆ 1 ಓಮ್. 2 ಓಮ್‌ವರೆಗೆ ಮಾತ್ರ ತಾಳುವ ಆಂಪಿಗೆ ಅದನ್ನು ತಗುಲಿಸಿದರೆ ಕೆಂಪು ದೀಪ ಹತ್ತಿ ನಿಲ್ಲುತ್ತದೆ, ನಿಲ್ಲದಿದ್ದರೆ ಈ ಸಲ ಸುಡುವುದು ಆಂಪ್. ತಿರುಗಾಮುರುಗಾ ಆದರೂ ತೊಂದರೆಯೇ. 1 ಓಮ್‌ನಲ್ಲಿ 500 ವ್ಯಾಟ್ ಎಂದು ಕೊಂಡ ಆಂಪಿಗೆ 4 ಓಮ್‌ನ ವೂಫರ್ ಹಾಕಿದರೆ ಬರುವುದು ಅರ್ಧಕ್ಕಿಂತ ಎಷ್ಟೋ ಕಡಿಮೆ. ಮತ್ತೆ ವಾಲ್ಯೂಮ್, ಮತ್ತೆ ಕ್ಲಿಪ್ಪಿಂಗ್. ಎರಡು ಕಾಯಿಲ್ ಇರುವಲ್ಲಿ ಒಂದನ್ನೇ ಜೋಡಿಸಿ ಇನ್ನೊಂದನ್ನು ಖಾಲಿ ಬಿಡುವವರಿದ್ದಾರೆ. ಆಗ ವೂಫರ್ ತಡೆಯುವ ಪವರ್ ಅರ್ಧವಾಯಿತು ಎಂದೇ ಲೆಕ್ಕ. ಎಲ್ಲಕ್ಕಿಂತ ಕೆಟ್ಟದ್ದು ಒಂದು ಕಾಯಿಲಿನ ಪ್ಲಸ್ ಮೈನಸ್ ಅದಲುಬದಲಾಗುವುದು. ಒಂದು ಕಾಯಿಲ್ ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ, ಕೋನು ಅಲುಗಾಡುವುದಿಲ್ಲ, ಸದ್ದಿಲ್ಲ. ಕರೆಂಟು ಮಾತ್ರ ಪೂರ್ತಿ ಹರಿಯುತ್ತಿರುತ್ತದೆ. ಹೊಸ ವೂಫರ್ ಹಾಕಿಸಿಕೊಂಡ ಸಂಜೆಯೇ ‘ಬೇಸೇ ಇಲ್ಲ’ ಎಂದು ಆಂಪಿನ ಗೇನ್ ಗುಂಡಿ ಏರಿಸಿ ಏರಿಸಿ ಸುಟ್ಟುಕೊಳ್ಳುವುದಕ್ಕೆ ಇದು ಒಂದು ಕಾರಣ.

ವೈರಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 500 ವ್ಯಾಟ್‌ನ ಕ್ಲಾಸ್-ಡಿ ಆಂಪ್ ಪೂರ್ತಿ ದುಡಿದಾಗ ಬ್ಯಾಟರಿಯಿಂದ ಸುಮಾರು 45 ಆಂಪಿಯರ್ ಎಳೆಯುತ್ತದೆ. ಐದು ಮೀಟರ್ ಉದ್ದದ 8 ಗೇಜಿನ ಅಪ್ಪಟ ತಾಮ್ರದ ವೈರಿನಲ್ಲೇ ಅರ್ಧ ವೋಲ್ಟಿನ ಹತ್ತಿರ ಸೋರಿಹೋಗುತ್ತದೆ. ಕಿಟ್ಟಿನಲ್ಲಿ ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಅದರಲ್ಲಿ ನಷ್ಟ ಇನ್ನೂ ಜಾಸ್ತಿ. ಎಳೆಯೊಂದನ್ನು ಚಾಕುವಿನಿಂದ ಕೆರೆದರೆ ಬೆಳ್ಳಗೆ ಕಂಡೀತು. ಅರ್ತಿಂಗನ್ನು ಬಣ್ಣ ಕೆರೆದ ಬರಿ ಲೋಹಕ್ಕೇ ಬಿಗಿಸಬೇಕು. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಅದು ಆಂಪನ್ನು ಉಳಿಸುವುದಕ್ಕಲ್ಲ, ವೈರು ಎಲ್ಲಾದರೂ ಸವೆದು ಲೋಹದ ಮೈಗೆ ತಗುಲಿದರೆ ಕಾರು ಉರಿಯದಿರಲಿ ಎಂದು.

ಹಾಗಾದರೆ 300 ವ್ಯಾಟ್ ಆರ್‌ಎಂಎಸ್ ವೂಫರಿಗೆ ಎಷ್ಟರ ಆಂಪ್? ಅಷ್ಟೇ ವ್ಯಾಟಿನದು, ಅಥವಾ ಸ್ವಲ್ಪ ಹೆಚ್ಚಿನದು ಎನ್ನುವುದು ವಾಡಿಕೆಯ ಉತ್ತರ. ಮಾಲೀಕರೇ ಕಾರು ಓಡಿಸುವುದಾದರೆ ನನ್ನ ತಕರಾರಿಲ್ಲ. ಕಾರಿನ ಕೀ ತಮ್ಮನ ಕೈಗೆ, ತಮ್ಮನ ಗೆಳೆಯರ ಕೈಗೆ ಹೋಗುವುದಿದ್ದರೆ ನಾನು 150 ವ್ಯಾಟಿನ ಆಂಪನ್ನೇ ಹೇಳುತ್ತೇನೆ. ಅದನ್ನು ಯಾರು ಎಷ್ಟೇ ಹಿಂಡಿ ಚೌಕದ ಅಲೆ ಮಾಡಿದರೂ 300 ದಾಟುವುದು ಕಷ್ಟ. ಕಳೆದುಕೊಂಡದ್ದು ಎಷ್ಟು? 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಪವರ್ ಬೇಕು; 3 ಎಂದರೆ ವ್ಯತ್ಯಾಸ ಇದೆಯೆಂದು ಗೊತ್ತಾಗುವಷ್ಟು. ಅಂಗಡಿಯವರು ಈ ಮಾತು ಹೇಳುವುದಿಲ್ಲ. ದೊಡ್ಡ ಆಂಪ್ ಮಾರುವುದರಲ್ಲಿ ಲಾಭವಿದೆ, ಚಿಕ್ಕದನ್ನು ಸಾಕೆನ್ನುವುದರಲ್ಲಿ ಇಲ್ಲ. ಜೋರು ನಿಜವಾಗಿಯೂ ಸಾಲದಿದ್ದರೆ ಆ ಹಣವನ್ನು ಸೆನ್ಸಿಟಿವಿಟಿ 3 ಡೆಸಿಬೆಲ್ ಹೆಚ್ಚಿರುವ ವೂಫರಿಗೋ ಸರಿಯಾದ ಅಳತೆಯ ಪೆಟ್ಟಿಗೆಗೋ ಹಾಕಿ. ಫಲ ಅದೇ, ಶಾಖ ಅರ್ಧ.

ಉಳಿದದ್ದು ಗೇನ್. ಇದನ್ನು ವಾಲ್ಯೂಮಿನ ಇನ್ನೊಂದು ಗುಂಡಿ ಅಂದುಕೊಳ್ಳುವುದರಿಂದಲೇ ಅರ್ಧ ಅನಾಹುತ. ಸ್ಟೀರಿಯೊ ಎಷ್ಟು ವೋಲ್ಟ್ ಕಳಿಸಿದಾಗ ಆಂಪ್ ತನ್ನ ಪೂರ್ತಿ ಪವರ್ ಮುಟ್ಟಬೇಕು ಎಂದು ಹೊಂದಿಸುವ ಗುಂಡಿ ಅದು. ಪೂರ್ತಿ ತಿರುಗಿಸಿದರೆ ಆಂಪ್ ಹೆಚ್ಚು ಕೊಡುವುದಿಲ್ಲ, ವಾಲ್ಯೂಮ್ ಕಾಲುಭಾಗದಲ್ಲಿರುವಾಗಲೇ ಕ್ಲಿಪ್ ಮಾಡಲು ಶುರುಮಾಡುತ್ತದೆ. ಹೊಂದಿಸುವುದಕ್ಕೆ ಬೇಕಾದದ್ದು ಒಂದು ಸಾಧಾರಣ ಮಲ್ಟಿಮೀಟರ್, ಪೂರ್ಣ ಮಟ್ಟದಲ್ಲಿ ರೆಕಾರ್ಡ್ ಮಾಡಿದ 50 ಹರ್ಟ್ಜ್ ಸೈನ್ ಟೋನ್. ನಮ್ಮ ಮನೆಯ ಕರೆಂಟು ಕೂಡ 50 ಹರ್ಟ್ಜ್ ಆದ್ದರಿಂದ ಅಗ್ಗದ ಮೀಟರೂ ಆ ಕಂಪನಾಂಕದಲ್ಲಿ ಸುಳ್ಳು ಹೇಳುವುದಿಲ್ಲ. ವೂಫರಿನ ವೈರುಗಳನ್ನು ಆಂಪಿನಿಂದ ಕಳಚಿ. ಎಂಜಿನ್ ಚಾಲೂ ಇರಲಿ. ಬೇಸ್ ಬೂಸ್ಟ್, ಲೌಡ್‌ನೆಸ್, ಈಕ್ವಲೈಜರ್ ಎಲ್ಲವೂ ಸೊನ್ನೆಗೆ ಬರಲಿ, ಗೇನ್ ತಳದಲ್ಲಿರಲಿ. ಸ್ಟೀರಿಯೊ ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು, ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಆಂಪಿನ ಔಟ್‌ಪುಟ್‌ಗೆ ಹಿಡಿದು, ಗೇನನ್ನು ನಿಧಾನ ಏರಿಸಿ. ಎಲ್ಲಿಯವರೆಗೆ? ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 300 ವ್ಯಾಟ್, 2 ಓಮ್ ಆದರೆ 24.5 ವೋಲ್ಟ್. ಅದೇ 300ಕ್ಕೆ 4 ಓಮ್ ಆದರೆ 34.6. ಇಲ್ಲಿ ಹಾಕಬೇಕಾದ ವ್ಯಾಟ್ ಆಂಪಿನದೋ ವೂಫರಿನದೋ ಎಂದು ಕೇಳಬಹುದು. ಎರಡರಲ್ಲಿ ಯಾವುದು ಚಿಕ್ಕದೋ ಅದನ್ನು.

ಗೇನಿನ ಗುಂಡಿ ಅಲ್ಲಿಗೆ ಬಂದ ಮೇಲೆ ಸ್ಟೀರಿಯೊ ವಾಲ್ಯೂಮ್ ಮುಕ್ಕಾಲು ದಾಟಬಾರದು, ಈಕ್ವಲೈಜರ್ ಸೊನ್ನೆಯಿಂದ ಮೇಲೆ ಹೋಗಬಾರದು. ಬೂಸ್ಟ್ ಬೇಕೇ ಬೇಕು ಎನ್ನುವವರು ಬೂಸ್ಟ್ ಏರಿಸಿಯೇ, ಅದು ಕೆಲಸ ಮಾಡುವ 45 ಹರ್ಟ್ಜ್‌ನ ಸುತ್ತಲಿನ ಟೋನ್ ಹಾಕಿ, ಗೇನನ್ನು ಮೊದಲಿಂದ ಅಳೆಯಬೇಕು. ಡ್ಯಾಶ್‌ಬೋರ್ಡಿನ ಕೆಳಗೆ ಕೂರಿಸುವ ಬೇಸ್ ರಿಮೋಟಿನ ಗುಂಡಿ ಅಳೆಯುವಾಗ ಪೂರ್ತಿ ತಿರುಗಿಸಿದ ಸ್ಥಿತಿಯಲ್ಲೇ ಇರಬೇಕು. ಹಾಗಿದ್ದರೆ ಆಮೇಲೆ ಯಾರು ಆ ಗುಂಡಿಗೆ ಕೈ ಹಾಕಿದರೂ ಬೇಸ್ ಇಳಿಸಬಹುದೇ ಹೊರತು ಏರಿಸಲು ಆಗುವುದಿಲ್ಲ.